ಚಳಿಗಾಲದಲ್ಲಿ ಬೆಳಗ್ಗೆ ಗಾಡಿ ಎಷ್ಟು ಹೊತ್ತು ಬಿಸಿ ಮಾಡಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಹೇಳಿ

ಕೌಲ್ ಬಜಾರ್ ಕಾರು:

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ. ಮನೆಯಲ್ಲಿ 2014ರ ಡೀಸೆಲ್ ಕಾರಿದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಮ್ಮ ಅಪ್ಪ ಹಿಂದೆ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಡಿಸೆಂಬರ್ ಬಂತೆಂದರೆ ಬೆಳಗ್ಗೆ ಹತ್ತು ನಿಮಿಷ ಇಂಜಿನ್ ಆನ್ ಮಾಡಿ ಬಿಡಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಸವೆಯುತ್ತದೆ ಅನ್ನುತ್ತಾರೆ. ನಮ್ಮ ಓಣಿ ಇಕ್ಕಟ್ಟು, ಸೈಲೆನ್ಸರ್ ಹಿಂದೆಯೇ ಪಕ್ಕದ ಮನೆಯ ಕಿಟಕಿ. ಅಲ್ಲಿರುವ ಅಜ್ಜಿಗೆ ಉಬ್ಬಸ. ಅವರು ಬಾಯಿಬಿಟ್ಟು ಏನೂ ಹೇಳಿಲ್ಲ, ಆದರೆ ನಾನು ಗಾಡಿ ಆನ್ ಮಾಡಿದ ಕೂಡಲೇ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಅದನ್ನು ನೋಡಿದರೆ ಕಷ್ಟವಾಗುತ್ತದೆ. ನಿಜಕ್ಕೂ ಅಷ್ಟು ಹೊತ್ತು ಬೇಕಾ? ತಿಳಿದವರು ಹೇಳಿ.

ಇನ್ನೊಂದು ವಿಷಯ. ಚಳಿಗಾಲದಲ್ಲಿ ಹೊಸಪೇಟೆ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಕುಡತಿನಿ ಊರು ದಾಟಿದರೂ ಟೆಂಪರೇಚರ್ ಮುಳ್ಳು ಅರ್ಧಕ್ಕೆ ಬರುವುದಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ರಾಯಚೂರು ಸ್ಕೂಟರ್:

ನನ್ನದು ಬಿಎಸ್6 ಸ್ಕೂಟರ್, ಅಂದರೆ ಹೊಸ ಹೊಗೆ ನಿಯಮದ್ದು. ಬೆಳಗ್ಗೆ ಆರಕ್ಕೆ ಡ್ಯೂಟಿ, ಹತ್ತು ನಿಮಿಷ ಕಾಯೋಕೆ ಟೈಮೇ ಇರಲ್ಲ. ಸೆಲ್ಫ್ ಹೊಡೆದು, ಹೆಲ್ಮೆಟ್ ಹಾಕಿಕೊಂಡು, ನಿಧಾನಕ್ಕೆ ಹೊರಡುತ್ತೇನೆ. ಇಲ್ಲಿಯವರೆಗೂ ಏನೂ ತೊಂದರೆ ಆಗಿಲ್ಲ. ಆದರೆ ಜನವರಿಯಲ್ಲಿ ಕೆಲವು ದಿನ ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್ ಅನ್ನುತ್ತದೆ. ಅದು ಚಳಿಗೆ ಅಂತ ಎಲ್ಲರೂ ಹೇಳುತ್ತಾರೆ, ಹೌದಾ?

ಗಂಗಾವತಿ ಗ್ಯಾರೇಜ್:

ತಮ್ಮಾ, ನಿನ್ನ ಎರಡನೇ ಪ್ರಶ್ನೆಯೇ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಿಸಿ ಮಾಡುವ ವಿಷಯ.

ನಮ್ಮ ಕಡೆ ಚಳಿ ಅಂದರೆ ಎಷ್ಟು? ಡಿಸೆಂಬರ್, ಜನವರಿ ಬೆಳಗಿನ ಜಾವ 15 ಡಿಗ್ರಿ ಆಸುಪಾಸು. ಕೆಲವು ದಿನ ಇನ್ನೂ ಇಳಿಯುತ್ತದೆ. ಮೈಗೆ ಚಳಿ ಅನ್ನಿಸುತ್ತದೆ, ಇಂಜಿನ್‌ಗೆ ಅದು ಚಳಿಯೇ ಅಲ್ಲ. ಆಯಿಲ್ ಡಬ್ಬಿ ಮೇಲೆ 20ಡಬ್ಲ್ಯು-40, 15ಡಬ್ಲ್ಯು-40, 5ಡಬ್ಲ್ಯು-30 ಅಂತ ಬರೆದಿರುತ್ತಾರಲ್ಲ, ಡಬ್ಲ್ಯು ಮೊದಲಿನ ನಂಬರ್ ಚಳಿಯದ್ದು. 20ಡಬ್ಲ್ಯು ಅನ್ನಿಸಿಕೊಳ್ಳಬೇಕಾದರೆ ಆ ಆಯಿಲ್ ಮೈನಸ್ 15 ಡಿಗ್ರಿಯಲ್ಲೂ ಇಂಜಿನ್ ತಿರುಗಲು ಬಿಡಬೇಕು, ಹಾಗೆ ಟೆಸ್ಟ್ ಮಾಡಿಯೇ ಆ ನಂಬರ್ ಕೊಡುತ್ತಾರೆ. 15ಡಬ್ಲ್ಯು ಆದರೆ ಮೈನಸ್ 20, 5ಡಬ್ಲ್ಯು ಆದರೆ ಮೈನಸ್ 30. ಅಂದರೆ ನಮ್ಮ ಅಂಗಡಿಗಳಲ್ಲಿ ಮಾಮೂಲಿ ಸಿಗುವ ದಪ್ಪ ಆಯಿಲ್ ಕೂಡ ಬಳ್ಳಾರಿ ಚಳಿಗಿಂತ 30 ಡಿಗ್ರಿ ಕೆಳಗೆ ಕೆಲಸ ಮಾಡುತ್ತದೆ. ಸ್ಟಾರ್ಟ್ ಆದ ಕೆಲವೇ ಸೆಕೆಂಡಿಗೆ ಪಂಪು ಆಯಿಲನ್ನು ಮೇಲಿನವರೆಗೂ ಮುಟ್ಟಿಸುತ್ತದೆ. ಆಯಿಲ್ ಲೈಟ್ ಆರುವುದನ್ನು ನೋಡಿ, ಅಷ್ಟೇ ಹೊತ್ತು.

ಸವೆತ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ತಣ್ಣಗಿರುವಾಗಲೇ ಜಾಸ್ತಿ ಸವೆಯುವುದು, ಅಪ್ಪಾಜಿ ಹೇಳಿದ್ದರಲ್ಲಿ ಅದು ನಿಜ. ಪಿಸ್ಟನ್ ಅಲ್ಯೂಮಿನಿಯಂ, ಬಿಸಿಯಾದ ಮೇಲೆ ಹಿಗ್ಗಿ ಲೈನರ್‌ಗೆ, ಅಂದರೆ ಅದು ಓಡಾಡುವ ಕೊಳವೆಗೆ, ಸರಿಯಾಗಿ ಕೂರುತ್ತದೆ. ಅದಕ್ಕೇ ತಣ್ಣಗಿರುವ ಹೊತ್ತು ಆದಷ್ಟು ಬೇಗ ಮುಗಿಯಬೇಕು. ನಿಲ್ಲಿಸಿಕೊಂಡು ಸುಮ್ನೆ ಆನ್ ಮಾಡಿ ಬಿಟ್ಟರೆ ಇಂಜಿನ್‌ಗೆ ಕೆಲಸವಿಲ್ಲ, ಕೆಲಸವಿಲ್ಲದ ಇಂಜಿನ್ ಬೇಗ ಬಿಸಿಯಾಗುವುದೇ ಇಲ್ಲ, ಡೀಸೆಲ್ ಅಂತೂ ಇನ್ನೂ ನಿಧಾನ. ಹತ್ತು ನಿಮಿಷದಲ್ಲಿ ಆಗುವ ಬಿಸಿ, ಮೆಲ್ಲಗೆ ಓಡಿಸಿದರೆ ಎರಡು ಮೂರು ಕಿಲೋಮೀಟರಿನಲ್ಲಿ ಆಗಿಬಿಡುತ್ತದೆ. ಗೇರ್ ಬಾಕ್ಸ್, ಬೇರಿಂಗ್, ಶಾಕ್ ಅಬ್ಸಾರ್ಬರ್, ಟೈರ್ ಇವೆಲ್ಲ ಗಾಡಿ ಉರುಳಿದರೆ ಮಾತ್ರ ಬಿಸಿಯಾಗುವಂಥವು. ನಿಂತಲ್ಲೇ ಎಷ್ಟು ಗಂಟೆ ಬಿಟ್ಟರೂ ಅವಕ್ಕೆ ಏನೂ ಆಗದು.

ಮತ್ತೆ ನಷ್ಟವೂ ಇದೆ. ತಣ್ಣಗಿರುವ ಇಂಜಿನ್‌ಗೆ ಡೀಸೆಲ್ ಜಾಸ್ತಿ ಹೋಗುತ್ತದೆ. ಅದರಲ್ಲಿ ಸ್ವಲ್ಪ ಉರಿಯದೆ ಲೈನರ್ ಗೋಡೆಗೆ ಅಂಟಿ, ಅಲ್ಲಿದ್ದ ಆಯಿಲ್ ತೊಳೆದು, ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತದೆ. ದಿನಾ ಬೆಳಗ್ಗೆ ಹೀಗೆ ನಿಲ್ಲಿಸಿ ಬಿಸಿ ಮಾಡಿ, ಆಮೇಲೆ ಬರೀ ಮಾರ್ಕೆಟ್‌ವರೆಗೆ ಹೋಗಿ ಬರುವ ಗಾಡಿಗಳು ನನ್ನ ಹತ್ತಿರ ಬರುತ್ತವೆ. ಆಯಿಲ್ ಅಳೆಯುವ ಡಿಪ್ ಸ್ಟಿಕ್ ಎಳೆದು ಬೆರಳಿಗೆ ಹಚ್ಚಿಕೊಂಡು ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ಬೆರಳುಗಳ ನಡುವೆ ಉಜ್ಜಿದರೆ ಜಾರುವುದೇ ಇಲ್ಲ, ನೀರಾಗಿರುತ್ತದೆ. ಲೆವೆಲ್ ಮಾತ್ರ ಮೇಲಿನ ಗೆರೆ ದಾಟಿರುತ್ತದೆ, ಆಯಿಲ್ ಕಮ್ಮಿಯಾಗಿಲ್ಲ ಅಂತ ಓನರ್ ಖುಷಿಯಲ್ಲಿರುತ್ತಾರೆ.

ಹೀಗೆ ಮಾಡು. ಕೀ ಆನ್ ಮಾಡಿ ಹೀಟರ್ ಪ್ಲಗ್ ಲೈಟ್ ಆರುವವರೆಗೆ ಕಾಯಿ, ಸುರುಳಿ ಆಕಾರದ ಹಳದಿ ಲೈಟ್ ಅದು. ಸ್ಟಾರ್ಟ್ ಮಾಡು, ಸೀಟ್ ಬೆಲ್ಟ್ ಹಾಕಿಕೋ, ಕನ್ನಡಿ ನೋಡು. ಅರ್ಧ ನಿಮಿಷ ಆಯಿತಲ್ಲ, ಹೊರಡು. ಮೊದಲ ಎರಡು ಮೂರು ಕಿಲೋಮೀಟರ್ 2000 ಆರ್‌ಪಿಎಂ ದಾಟಿಸಬೇಡ, ಜೋರಾಗಿ ಒತ್ತಬೇಡ. ಸ್ಟಾರ್ಟ್ ಆದ ತಕ್ಷಣ ಆಕ್ಸಿಲರೇಟರ್ ಒತ್ತಿ ಭರ್ ಭರ್ ಅಂತ ರೇಸ್ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು, ಇಂಜಿನ್‌ಗೆ ಗಾಳಿ ತುಂಬುವ ಟರ್ಬೊದ ಬೇರಿಂಗ್‌ಗೆ ಇನ್ನೂ ಸರಿಯಾಗಿ ಆಯಿಲ್ ಮುಟ್ಟಿರುವುದಿಲ್ಲ.

ಇನ್ನು ಮುಳ್ಳು. ಕುಡತಿನಿವರೆಗೆ ಓಡಿದರೂ ಅರ್ಧಕ್ಕೆ ಬರುತ್ತಿಲ್ಲ ಅಂದರೆ ನಿನ್ನ ಗಾಡಿಯಲ್ಲಿ ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ ಇಲ್ಲ ಅಥವಾ ತೆರೆದೇ ನಿಂತುಬಿಟ್ಟಿದೆ. ನಮ್ಮ ಬಿಸಿಲ ನಾಡಿನಲ್ಲಿ ಇದೊಂದು ಹಳೆಯ ಚಾಳಿ. ಬೇಸಿಗೆಯಲ್ಲಿ ಗಾಡಿ ಹೀಟ್ ಆಯಿತು ಅಂತ ತಂದರೆ ರೇಡಿಯೇಟರ್ ನೋಡುವುದಿಲ್ಲ, ಫ್ಯಾನ್ ನೋಡುವುದಿಲ್ಲ, ವಾಲ್ ಕಿತ್ತು ಬಿಸಾಕಿ ಕಳಿಸುತ್ತಾರೆ. ನೀನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಅಂದೆಯಲ್ಲ, ಹಿಂದಿನವರು ತೆಗೆಸಿರಬಹುದು. ವಾಲ್ ಇಲ್ಲದ ಗಾಡಿಯನ್ನು ಹತ್ತು ನಿಮಿಷ ಅಲ್ಲ, ಒಂದು ಗಂಟೆ ನಿಲ್ಲಿಸಿ ಬಿಸಿ ಮಾಡಿದರೂ ಪ್ರಯೋಜನ ಇಲ್ಲ. ಮೊದಲು ಅದನ್ನು ನೋಡಿಸು.

ಸಿಂಧನೂರು ಟ್ರ್ಯಾಕ್ಟರ್:

ಗ್ಯಾರೇಜ್ ಅಣ್ಣ ಹೇಳಿದ್ದು ಕಾರಿಗೆ ಸರಿ ಇರಬಹುದು, ಟ್ರ್ಯಾಕ್ಟರ್‌ಗೆ ನಾನು ಒಪ್ಪುವುದಿಲ್ಲ. ಈಗ ಎರಡನೇ ಬೆಳೆಗೆ ಗದ್ದೆ ಹೊಡೆಯುವ ಸೀಸನ್. ಬೆಳಗ್ಗೆ ಐದೂವರೆಗೆ ಕಾಲುವೆ ಪಕ್ಕ ಮಂಜು ಕವಿದಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಬಿಳಿ ಹೊಗೆ, ಇಂಜಿನ್ ಕಟ ಕಟ ಅನ್ನುತ್ತದೆ, ಲಿಫ್ಟ್ ಎತ್ತಿದರೆ ರೋಟವೇಟರ್ ನಿಧಾನಕ್ಕೆ ಏಳುತ್ತದೆ. ಆ ಸ್ಥಿತಿಯಲ್ಲಿ ಕೆಸರಿಗೆ ಇಳಿಸಿ ಫುಲ್ ರೇಸ್ ಕೊಟ್ಟರೆ ಇಂಜಿನ್ ಗತಿ ಏನು? ನಾನು ಐದು ನಿಮಿಷ ಬಿಟ್ಟೇ ಬಿಡುತ್ತೇನೆ, ಯಾರು ಏನೇ ಹೇಳಲಿ.

ತೋರಣಗಲ್ಲು ಲಾರಿ:

ಲಾರಿ ವಿಷಯ ಬೇರೆ ರೀ. ಬೆಳಗ್ಗೆ ನಾವು ಲಾರಿ ಆನ್ ಮಾಡಿ ನಿಲ್ಲಿಸುವುದನ್ನು ನೋಡಿ ಸುಮ್ನೆ ಡೀಸೆಲ್ ಸುಡುತ್ತಾರೆ ಅನ್ನುವವರಿದ್ದಾರೆ. ನಾವು ಕಾಯುವುದು ಇಂಜಿನ್ ಬಿಸಿಗೆ ಅಲ್ಲ, ಬ್ರೇಕ್ ಕೆಲಸ ಮಾಡಲು ಬೇಕಾದ ಏರ್‌ಗೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಟ್ಯಾಂಕಿನ ಏರ್ ಇಳಿದಿರುತ್ತದೆ. ಕಂಪ್ರೆಸರ್ ಇಂಜಿನ್ ಜೊತೆ ತಿರುಗಿ ಏರ್ ತುಂಬುವವರೆಗೆ ಬಝರ್ ಹೊಡೆಯುತ್ತಲೇ ಇರುತ್ತದೆ, ಹ್ಯಾಂಡ್ ಬ್ರೇಕ್ ಬಿಡುವುದೇ ಇಲ್ಲ. ಬಸ್ಸಿನದ್ದೂ ಇದೇ ಕಥೆ. ಬಝರ್ ನಿಂತು ಗೇಜ್ ಮುಳ್ಳು ಸರಿಯಾದ ಜಾಗಕ್ಕೆ ಬರುವ ಮೊದಲು ಗಾಡಿ ಕದಲಿಸಬಾರದು. ಅದಿರು ತುಂಬಿದ ಗಾಡಿಗೆ ಬ್ರೇಕ್ ಹಿಡಿಯಲಿಲ್ಲ ಅಂದರೆ ಏನಾಗುತ್ತದೆ ಅಂತ ಸಂಡೂರಿನ ಇಳಿಜಾರು ನೋಡಿದವರಿಗೆ ಗೊತ್ತು. ಹೊಸ ಡ್ರೈವರ್‌ಗಳು ದಯವಿಟ್ಟು ಇದನ್ನು ಇಂಜಿನ್ ಬಿಸಿ ಮಾಡುವ ವಾದದ ಜೊತೆ ಸೇರಿಸಬೇಡಿ.

ಇನ್ನೊಂದು, ನಮ್ಮ ಕಡೆ ಅದಿರಿನ ಕೆಂಪು ಧೂಳು ವಿಪರೀತ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಬೆಳಗ್ಗೆ ಸ್ಟಾರ್ಟಿಂಗ್ ಕಷ್ಟ, ಹೊಗೆಯೂ ಜಾಸ್ತಿ. ಚಳಿಗೆ ಬೈಯುವ ಮುಂಚೆ ಫಿಲ್ಟರ್ ಬಿಚ್ಚಿ ನೋಡಿ.

ಗಂಗಾವತಿ ಗ್ಯಾರೇಜ್:

ಲಾರಿ ಅಣ್ಣ, ನೂರಕ್ಕೆ ನೂರು ಸರಿ.

ಸಿಂಧನೂರು ಅಣ್ಣಾ, ನೀವು ಹೇಳಿದ್ದೂ ತಪ್ಪಲ್ಲ. ಕಾರನ್ನು ಮೆಲ್ಲಗೆ ಓಡಿಸಿ ಬಿಸಿ ಮಾಡಬಹುದು, ಕೆಸರು ಗದ್ದೆಯಲ್ಲಿ ರೋಟವೇಟರ್ ಮೆಲ್ಲಗೆ ಹೊಡೆಯಲು ಬರುವುದಿಲ್ಲ. ಇಳಿದ ಮೊದಲ ಗಳಿಗೆಯಿಂದಲೇ ಫುಲ್ ಲೋಡು. ಹೈಡ್ರಾಲಿಕ್ ಆಯಿಲ್ ಕೂಡ ಬೆಳಗ್ಗೆ ಗಟ್ಟಿ ಇರುತ್ತದೆ, ಲಿಫ್ಟ್ ನಿಧಾನ ಆಗುವುದು ಅದಕ್ಕೇ. ಲೋಡ್ ಹಾಕುವ ಮೊದಲು ಕೆಲವು ನಿಮಿಷ ಬೇಕು, ಸರಿ. ಆದರೆ ನಿಮ್ಮ ಮನೆಯಿಂದ ಗದ್ದೆಗೆ ದಾರಿ ಇದೆಯಲ್ಲ, ಆ ದಾರಿಯಲ್ಲೇ ನಿಧಾನಕ್ಕೆ ಹೋದರೆ ಅದೇ ಬಿಸಿ ಆಯಿತು. ಗದ್ದೆಯಲ್ಲೇ ನಿಲ್ಲಿಸಿದ ಟ್ರ್ಯಾಕ್ಟರ್ ಆದರೆ ಮಾತ್ರ ನಿಂತು ಕಾಯಿರಿ. ಬಿಳಿ ಹೊಗೆ ಅಂದರೆ ಸರಿಯಾಗಿ ಉರಿಯದ ಡೀಸೆಲ್ಲು, ಬಿಸಿಯಾದ ಮೇಲೆ ನಿಲ್ಲಬೇಕು. ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಚಿಮ್ಮಿಸುವ ನಾಜಲ್ ಅಥವಾ ಇಂಜಿನ್ ಕಂಪ್ರೆಶನ್ ಚೆಕ್ ಮಾಡಿಸಿ. ರೇಡಿಯೇಟರ್ ನೀರೂ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಿ.

ರಾಯಚೂರು ಮೇಡಂ, ನಿಮ್ಮದು ಬ್ಯಾಟರಿ. ಹೊಡೆತ ಬಿದ್ದಿರುವುದು ಜನವರಿಯಲ್ಲಿ ಅಲ್ಲ, ಏಪ್ರಿಲ್ ಮೇ ತಿಂಗಳಲ್ಲಿ. 40 ಡಿಗ್ರಿ ಬಿಸಿಲಲ್ಲಿ ನಿಂತ ಬ್ಯಾಟರಿಯಲ್ಲಿ ನೀರು ಬೇಗ ಆರುತ್ತದೆ, ಒಳಗಿನ ಪ್ಲೇಟು ಬೇಗ ತಿಂದುಹೋಗುತ್ತದೆ. ಆದರೆ ಸೆಕೆಗೆ ಇಂಜಿನ್ ಸಲೀಸಾಗಿ ತಿರುಗುವುದರಿಂದ ಆಗ ಗೊತ್ತಾಗುವುದಿಲ್ಲ. ಚಳಿ ಬಿದ್ದಾಗ ಬ್ಯಾಟರಿ ಶಕ್ತಿ ಸ್ವಲ್ಪ ಕುಗ್ಗುತ್ತದೆ, ಆಯಿಲ್ ಸ್ವಲ್ಪ ಗಟ್ಟಿಯಾಗುತ್ತದೆ, ಅಲ್ಲಿಗೆ ಬಂಡವಾಳ ಬಯಲಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್, 12.2 ಅಂದರೆ ಅರ್ಧಕ್ಕೆ ಬಂದಿದೆ. ಟರ್ಮಿನಲ್‌ಗೆ ಬಿಳಿ ಉಪ್ಪು ಕಟ್ಟಿದ್ದರೆ ಬಿಸಿ ನೀರು ಹಾಕಿ ತೊಳೆದು, ಒಣಗಿಸಿ, ಬಿಗಿ ಮಾಡಿಸಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಕುಷ್ಟಗಿ ಮಾಜಿ ಯೋಧ:

ನಾನು ಸೇನೆಯಲ್ಲಿ ಡ್ರೈವರ್ ಆಗಿದ್ದವನು. ಲಡಾಖ್ ಕಡೆ ಚಳಿಗಾಲ ಕಳೆದಿದ್ದೇನೆ. ಗಾಡಿ ಬಿಸಿ ಮಾಡುವುದು ಅಂದರೆ ಏನು ಅಂತ ಅಲ್ಲಿ ನೋಡಬೇಕು. ದ್ರಾಸ್‌ನಲ್ಲಿ ಮೈನಸ್ 20 ದಾಟುತ್ತದೆ. ಅಲ್ಲಿ ಮಾಮೂಲಿ ಡೀಸೆಲ್ ನಮ್ಮ ಮನೆಯ ಕೊಬ್ಬರಿ ಎಣ್ಣೆಯ ಹಾಗೆ ಗಡ್ಡೆ ಕಟ್ಟುತ್ತದೆ. ಅದರಲ್ಲಿರುವ ಮೇಣ ಫಿಲ್ಟರಿನಲ್ಲಿ ಕೂತುಬಿಟ್ಟರೆ ಮುಗಿಯಿತು, ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ಏಳುವುದಿಲ್ಲ. ಹಿಂದೆ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುತ್ತಿದ್ದರು, ಟ್ಯಾಂಕಿನ ಕೆಳಗೆ ಬೆಂಕಿ ಹಾಕುವ ಅಪಾಯದ ಕೆಲಸವನ್ನೂ ಕೆಲವರು ಮಾಡುತ್ತಿದ್ದರು. 2019ರಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದೇ ಚಳಿಗಾಲದ ಡೀಸೆಲ್ ತಂದಿತು, ಅದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ.

ಅಂಥ ಕಡೆ ಬಿಸಿ ಮಾಡುವುದಕ್ಕೆ ಅರ್ಥ ಇದೆ. ಗ್ಲಾಸ್ ಮೇಲಿನ ಐಸ್ ಕರಗದೆ ರಸ್ತೆಯೇ ಕಾಣುವುದಿಲ್ಲ. ತೀರಾ ಚಳಿಯ ದೇಶಗಳಲ್ಲಿ ಇಂಜಿನ್ ಬ್ಲಾಕ್‌ಗೇ ಕರೆಂಟಿನ ಹೀಟರ್ ಹಾಕಿ ರಾತ್ರಿ ಪ್ಲಗ್‌ಗೆ ಚುಚ್ಚಿ ಮಲಗುತ್ತಾರೆ. ನಮ್ಮ ಕುಷ್ಟಗಿ, ಯಲಬುರ್ಗಾದಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಇಲ್ಲಿ ಹತ್ತು ನಿಮಿಷ ಬಿಡುವುದು ಬೇಡದ ಖರ್ಚು.

ಕೌಲ್ ಬಜಾರ್ ಕಾರು:

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರ ಪ್ರಶ್ನೆ ಇದು: ಹಾಗಾದರೆ ಅಂಬಾಸಿಡರ್ ಯಾಕೆ ಬಿಸಿಯಾಗದೆ ಮುಂದಕ್ಕೇ ಹೋಗುತ್ತಿರಲಿಲ್ಲ? ಕ್ಲಚ್ ಬಿಟ್ಟ ಕೂಡಲೇ ಗಕ್ಕನೆ ಆಫ್ ಆಗುತ್ತಿತ್ತಂತೆ.

ಗಂಗಾವತಿ ಗ್ಯಾರೇಜ್:

ಅಪ್ಪಾಜಿಗೆ ನನ್ನ ನಮಸ್ಕಾರ ಹೇಳು. ಅವರ ಗಾಡಿಗೆ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಆಗಿನ ಪೆಟ್ರೋಲ್ ಗಾಡಿಯಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬುರೇಟರ್. ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹನಿಯಾಗಿ ಪೈಪಿನ ಗೋಡೆಗೆ ಅಂಟುತ್ತದೆ. ಅದಕ್ಕೇ ಚೋಕ್ ಎಳೆದು ಗಾಳಿ ಕಮ್ಮಿ ಮಾಡಿ ಪೆಟ್ರೋಲ್ ಜಾಸ್ತಿ ಬಿಡುತ್ತಿದ್ದರು. ಬಿಸಿಯಾಗುತ್ತಾ ಹೋದ ಹಾಗೆ ಕೈಯಿಂದ ಚೋಕ್ ಒಳಕ್ಕೆ ತಳ್ಳಬೇಕು. ಅದು ಡ್ರೈವರಿನ ಕಿವಿಯ ಕೆಲಸ, ಸೌಂಡ್ ಕೇಳಿಯೇ ಎಷ್ಟು ತಳ್ಳಬೇಕು ಅಂತ ಅಂದಾಜು ಮಾಡುತ್ತಿದ್ದರು. ಅಂಥ ಡ್ರೈವರುಗಳನ್ನು ಕಂಡರೆ ನನಗೆ ಈಗಲೂ ಗೌರವ.

2000ದ ಆಸುಪಾಸಿನಲ್ಲಿ ನಮ್ಮ ಕಾರುಗಳಿಗೆ ಎಂಪಿಎಫ್‌ಐ ಬಂತು, ಅಂದರೆ ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ. ಇಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಎಷ್ಟು ಬಿಸಿ ಇದೆ ಅಂತ ಸೆನ್ಸರ್ ಹೇಳುತ್ತದೆ, ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಬೈಕು ಸ್ಕೂಟರಿಗೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಬಹುತೇಕ ಇದೇ ವ್ಯವಸ್ಥೆ. ಈಗಲೂ ಚೋಕ್ ಇರುವ ಹಳೆಯ ಬೈಕ್ ಓಡಿಸುವವರು ಒಂದೆರಡು ನಿಮಿಷ ಕಾಯಿರಿ, ಆದರೆ ಚೋಕ್ ಹಾಕಿಕೊಂಡೇ ಆಫೀಸಿನವರೆಗೆ ಹೋಗಬೇಡಿ, ಪ್ಲಗ್ ಕಪ್ಪಾಗುತ್ತದೆ.

ಬಿಎಸ್6 ಡೀಸೆಲ್ ಕಾರಿನವರಿಗೆ ಒಂದು ಎಚ್ಚರಿಕೆ. ನಿಮ್ಮ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಅನ್ನುತ್ತಾರೆ. ನಿಂತಲ್ಲೇ ಆನ್ ಮಾಡಿ ಬಿಟ್ಟರೆ ಅದರಲ್ಲಿ ಮಸಿ ತುಂಬುತ್ತದೆ, ಸುಟ್ಟು ಖಾಲಿಯಾಗುವಷ್ಟು ಬಿಸಿ ಬರುವುದಿಲ್ಲ. ಅದನ್ನು ಬದಲಿಸುವ ಖರ್ಚು ಕೇಳಿದರೆ ನಿದ್ದೆ ಹೋಗುತ್ತದೆ.

ಕೊಪ್ಪಳ ಮೇಷ್ಟ್ರು:

ಇಂಜಿನ್ ಬಗ್ಗೆ ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನಾನು ಆ ಅಜ್ಜಿಯ ಬಗ್ಗೆ ಹೇಳುತ್ತೇನೆ.

ಪೆಟ್ರೋಲ್ ಗಾಡಿಯ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಬಿಸಿಯಾದ ಮೇಲೆಯೇ ಕೆಲಸ ಶುರು ಮಾಡುವುದು. ಡೀಸೆಲ್ ಗಾಡಿಯದ್ದೂ ತಣ್ಣಗಿದ್ದಾಗ ಅರೆಬರೆ ಕೆಲಸ. ಅಂದರೆ ಬೆಳಗಿನ ಮೊದಲ ಕೆಲವು ನಿಮಿಷದ ಹೊಗೆಯೇ ಇಡೀ ದಿನದ ಹೊಗೆಯಲ್ಲಿ ಅತಿ ಕೆಟ್ಟದ್ದು. ಅದನ್ನು ನಾವು ಬಿಡುವುದು ಎಲ್ಲಿ? ರಸ್ತೆಯಲ್ಲಿ ಅಲ್ಲ, ಮನೆ ಮುಂದೆ, ಮಕ್ಕಳು ಮಲಗಿರುವ ಕೋಣೆಯ ಕಿಟಕಿ ಕೆಳಗೆ. ಚಳಿಗಾಲದ ಬೆಳಗ್ಗೆ ಗಾಳಿಯೂ ಆಡುವುದಿಲ್ಲ, ಹೊಗೆ ಓಣಿಯಲ್ಲೇ ಸುತ್ತುತ್ತದೆ. ಉಬ್ಬಸ ಇರುವವರಿಗೆ ಅದು ಎಂಥ ಹಿಂಸೆ ಅಂತ ನನ್ನ ತಂಗಿಯನ್ನು ನೋಡಿ ಬಲ್ಲೆ. ಅಜ್ಜಿ ಬಾಯಿಬಿಟ್ಟು ಹೇಳದಿದ್ದರೂ ನೀವು ಗಮನಿಸಿದ್ದೀರಲ್ಲ, ಅದು ದೊಡ್ಡ ಮಾತು.

ಈಗ ಬಹಳ ಮನೆಗಳು ಕೆಳಗೆ ಪಾರ್ಕಿಂಗ್, ಮೇಲೆ ಮನೆ. ಶಟರ್ ಎಳೆದ ಜಾಗದಲ್ಲಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಆನ್ ಮಾಡಿ ಬಿಡಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬರುತ್ತದೆ, ಹಾಗೇ ಎಚ್ಚರ ತಪ್ಪುತ್ತದೆ, ಪ್ರಾಣವೂ ಹೋಗುತ್ತದೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ಖರ್ಚಿನ ಲೆಕ್ಕ ಬೇಕಾದರೆ, ಸಣ್ಣ ಕಾರು ನಿಂತಲ್ಲೇ ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿ ಕುಡಿಯುತ್ತದೆ. ಹತ್ತು ನಿಮಿಷಕ್ಕೆ ಸುಮಾರು 100 ಎಂಎಲ್. ದಿನಾ ಹೀಗೆ ಮಾಡಿದರೆ ತಿಂಗಳಿಗೆ 3 ಲೀಟರ್ ಹತ್ತಿರ ಹೋಗುತ್ತದೆ.

ಕೌಲ್ ಬಜಾರ್ ಕಾರು:

ಮೇಷ್ಟ್ರೇ, ನಿಮ್ಮ ಮಾತನ್ನು ಅಪ್ಪ ಎರಡು ಸಲ ಓದಿಸಿ ಕೇಳಿದರು. ಈಗ ಸ್ಟಾರ್ಟ್ ಮಾಡಿ ಕೂಡಲೇ ಓಣಿ ದಾಟಿಸುತ್ತೇನೆ.

ಗ್ಯಾರೇಜ್ ಅಣ್ಣಾ, ಇಲ್ಲೇ ಒಬ್ಬ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ನೀವು ಹೇಳಿದ ಹಾಗೇ ಆಯಿತು. ಮೇಲಿನ ಹೋಸ್ ತೆಗೆದು ಮುಚ್ಚಳ ಬಿಚ್ಚಿದರೆ ವಾಲ್ ಕೂರುವ ಜಾಗ ಖಾಲಿ. ಸುತ್ತ ತುಕ್ಕು ಬಣ್ಣದ ಹಿಟ್ಟು, ಅದರ ಮೇಲೆ ಬಿಳಿ ಪದರ, ಉಗುರಿನಿಂದ ಕೆರೆದರೂ ಬರಲಿಲ್ಲ. ಕೂಲಂಟ್ ಹಸಿರೂ ಇಲ್ಲ ಕೆಂಪೂ ಇಲ್ಲ, ಕೆಸರು ನೀರು. ಮೆಕ್ಯಾನಿಕ್ ಅಂತೂ "ನಮ್ಮ ಬಳ್ಳಾರಿ ಬಿಸಿಲಿಗೆ ವಾಲ್ ಬೇಡ, ಬೇಸಿಗೆಯಲ್ಲಿ ಹೀಟ್ ಆಗುತ್ತದೆ" ಅನ್ನುತ್ತಿದ್ದಾರೆ. ಏನು ಮಾಡಲಿ?

ಗಂಗಾವತಿ ಗ್ಯಾರೇಜ್:

ಹಾಕಿಸು. ವಾಲ್ ಇದೆ ಅನ್ನುವ ಕಾರಣಕ್ಕೆ ಗಾಡಿ ಹೀಟ್ ಆಗುವುದಿಲ್ಲ. ಇಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ, 80-90 ಡಿಗ್ರಿ ನಡುವೆ ತೆರೆದುಕೊಂಡು ನೀರನ್ನು ರೇಡಿಯೇಟರ್‌ಗೆ ಬಿಡುತ್ತದೆ. ಸರಿಯಾದ ವಾಲ್ ಇದ್ದೂ ಬೇಸಿಗೆಯಲ್ಲಿ ಹೀಟ್ ಆದರೆ ತಪ್ಪು ಬೇರೆ ಕಡೆ ಇದೆ: ರೇಡಿಯೇಟರ್ ಕಟ್ಟಿದೆ, ಫ್ಯಾನ್ ಸರಿಯಾಗಿ ತಿರುಗುತ್ತಿಲ್ಲ, ಕ್ಯಾಪ್ ಪ್ರೆಶರ್ ಹಿಡಿಯುತ್ತಿಲ್ಲ, ಇಲ್ಲವೇ ವಾಟರ್ ಪಂಪ್ ಸೋತಿದೆ. ಕೆಲವು ಇಂಜಿನ್‌ಗಳಲ್ಲಿ ವಾಲ್ ತೆಗೆದರೆ ನೀರು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನೂ ಜಾಸ್ತಿ ಹೀಟ್ ಆಗುತ್ತದೆ.

ವಾಲ್ ಇಲ್ಲದ್ದಕ್ಕೆ ನಿನ್ನ ಇಂಜಿನ್ ವರ್ಷವಿಡೀ ಅರೆಬಿಸಿಯಲ್ಲೇ ಓಡಿದೆ. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಡೀಸೆಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಆಯಿಲ್‌ನಲ್ಲಿ ಸೇರಿದ ನೀರಿನ ಪಸೆ ಆರುವುದೇ ಇಲ್ಲ. ಆಯಿಲ್ ಕ್ಯಾಪ್ ಬಿಚ್ಚಿ ಒಳಗೆ ನೋಡು, ಹಳದಿ ಬೆಣ್ಣೆಯಂಥದ್ದು ಅಂಟಿರಬಹುದು. ಆಯಿಲ್, ಫಿಲ್ಟರ್ ಎರಡೂ ಬದಲಿಸಿಬಿಡು.

ಹೊಸ ವಾಲ್ ಹಾಕುವ ಮೊದಲು ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಲು ಹೇಳು. ತಳಕ್ಕೆ ತಾಗಬಾರದು. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು, ತಣಿದ ಮೇಲೆ ಪೂರ್ತಿ ಮುಚ್ಚಬೇಕು. ಎಷ್ಟು ಡಿಗ್ರಿಗೆ ತೆರೆಯುತ್ತದೆ ಅಂತ ಅದರ ಮೈಮೇಲೇ ಕೊರೆದಿರುತ್ತದೆ, ನಿನ್ನ ಗಾಡಿಗೆ ಕಂಪನಿ ಹೇಳಿದ್ದನ್ನೇ ಹಾಕಿಸು. ಲೈನ್ ಪೂರ್ತಿ ಫ್ಲಶ್ ಮಾಡಿಸು. ಕೂಲಂಟ್ ತುಂಬುವಾಗ ಒಳಗಿನ ಗಾಳಿ ತೆಗೆಸುವುದು ಮರೆಯಬಾರದು, ಕ್ಯಾಬಿನ್ ಹೀಟರ್ ಫುಲ್ ಬಿಸಿಗೆ ಇಟ್ಟು ಇಂಜಿನ್ ಓಡಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಬೇಕು. ಬಿಸಿ ಇಂಜಿನ್ನಿನ ಕ್ಯಾಪ್ ಮಾತ್ರ ಯಾವತ್ತೂ ಬಿಚ್ಚಬೇಡ, ಮುಖಕ್ಕೆ ಚಿಮ್ಮುತ್ತದೆ.

ಸಿಂಧನೂರು ಟ್ರ್ಯಾಕ್ಟರ್:

ಅಣ್ಣಾ, ಇದನ್ನು ಓದಿ ನನ್ನ ಟ್ರ್ಯಾಕ್ಟರ್ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆ, ಅದೇ ಬಿಳಿ ಪದರ. ನಾವು ಬೋರಿನ ನೀರೇ ಹಾಕುತ್ತೇವೆ. ನಮ್ಮಲ್ಲಿ ಐಸ್ ಆಗುವ ಚಳಿಯೇ ಇಲ್ಲವಲ್ಲ, ಕೂಲಂಟ್ ಯಾಕೆ ಬೇಕು?

ಗಂಗಾವತಿ ಗ್ಯಾರೇಜ್:

ಐಸ್ ಆಗದಿರಲಿ ಅಂತ ಹಾಕುವುದು ಲಡಾಖ್‌ನವರು. ನಮಗೆ ಅದು ಬೇಕಿರುವುದು ತುಕ್ಕು ತಡೆಯಲು, ಬೇಗ ಕುದಿಯದಿರಲು. ನಮ್ಮ ಜಿಲ್ಲೆಗಳ ಬೋರಿನ ನೀರು ಗಡಸು. ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರವೇ ಇಂಜಿನ್ ಒಳಗೂ ಕಟ್ಟುತ್ತದೆ, ಆಮೇಲೆ ಬಿಸಿ ಹೊರಗೆ ಹೋಗುವುದಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನ್ ಸಿಗುತ್ತದೆ. ಅದಕ್ಕೆ ಕೂಲಂಟ್ ಬೆರೆಸಿ, ಡಬ್ಬಿ ಮೇಲೆ ಬರೆದ ಅಳತೆಯಲ್ಲಿ. ರೆಡಿ ಮಿಕ್ಸ್ ಅಂತ ಬರೆದಿದ್ದರೆ ನೀರು ಸೇರಿಸಲೇಬೇಡಿ, ಹಾಗೇ ಹಾಕಿ. ಹಸಿರು, ಕೆಂಪು ಎರಡನ್ನೂ ಒಂದರಲ್ಲಿ ಕಲಸಬೇಡಿ. ಹಳೆಯ ಪದರ ದಪ್ಪ ಇದ್ದರೆ ರೇಡಿಯೇಟರ್ ಬಿಚ್ಚಿಸಿ, ಒಳಗಿನ ಕೊಳವೆಗಳಿಗೆ ರಾಡ್ ಹೊಡೆಸಿ ಕ್ಲೀನ್ ಮಾಡಿಸಬೇಕಾಗುತ್ತದೆ. ಫೆಬ್ರವರಿ ಕಳೆಯುವ ಮೊದಲೇ ಮಾಡಿಸಿಬಿಡಿ, ಆಮೇಲೆ ಬಿಸಿಲು ಶುರುವಾದರೆ ರೇಡಿಯೇಟರ್ ಅಂಗಡಿಗಳಲ್ಲಿ ಪಾಳಿ ಸಿಗುವುದಿಲ್ಲ.